ನೀರು ಸುರಿದವಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ ಚರಿತ್ರೆಯನ್ನು ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್‌ನಿಂದ ಶುರು ಮಾಡುವುದು ರೂಢಿ. ಬಂಗಾರದ ಮೀನು, ಬಸವನಹುಳು ಮತ್ತು ವ್ಯಾಲಿಸ್ನೇರಿಯಾ ಎಂಬ ನೀರಗಿಡ ಒಟ್ಟಿಗೆ ಬಾಳುವುದನ್ನು ಆತ 1850ರಲ್ಲಿ ವಿವರಿಸಿದ. ಗಿಡ ಬಿಡುವ ಆಮ್ಲಜನಕ ಮೀನಿಗೆ, ಮೀನು ಬಿಡುವ ಇಂಗಾಲದ ಅನಿಲ ಗಿಡಕ್ಕೆ, ಕೊಳೆತ ಎಲೆ ಹುಳುವಿಗೆ.

ಆದರೆ ಆತನಿಗಿಂತ ಮೊದಲೇ ಹೆಂಗಸರಿದ್ದರು. ಪ್ಯಾರಿಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಝಾನ್ ವಿಲ್‌ಪ್ರೋ-ಪವರ್ ಸಿಸಿಲಿಗೆ ಹೋಗಿ ನೆಲೆಸಿ, 1832ರಲ್ಲೇ ಕಡಲ ಜೀವಿಗಳ ಅಭ್ಯಾಸಕ್ಕೆ ಗಾಜಿನ ತೊಟ್ಟಿ ಮಾಡಿಸಿದ್ದಳು. 1846ರಲ್ಲಿ ಆ್ಯನಾ ಥಿನ್ ಎಂಬಾಕೆ ಹವಳದ ಜಾತಿಯ ಜೀವಿಗಳನ್ನು ಲಂಡನ್ನಿನ ಮನೆಗೆ ತಂದಳು. ಸಮುದ್ರದ ನೀರು ದಿನಾ ತರಿಸುವುದು ಆಗದ ಮಾತು. ಇದ್ದ ನೀರಿಗೇ ಗಾಳಿ ಬೆರೆಯಲೆಂದು ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಅರ್ಧ, ಮುಕ್ಕಾಲು ಗಂಟೆ ಸುರಿಸುತ್ತಿದ್ದಳು, ನಾವು ಬಿಸಿ ಹಾಲು ಆರಿಸುವ ಹಾಗೆ. ಸುರಿಯುತ್ತಿದ್ದವಳನ್ನು ಚರಿತ್ರೆ ಮನೆಗೆಲಸದವಳು ಎಂದಷ್ಟೇ ಕರೆಯುತ್ತದೆ. ಮುಂದೆ ಕಡಲ ಸಸ್ಯ ಹಾಕಿದಾಗ ಆಕೆಯ ಕೆಲಸವನ್ನು ಸಸ್ಯ ಮಾಡಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮಗೆ ಅವಳು ಪರಕೀಯಳಲ್ಲ. ನೀರು ಹೊತ್ತು, ಸೋಸಿ, ಬಾಯಿಗೆ ಹಾಕಿ ಅದರ ಗುಣ ಹೇಳಿದವರು ನಮ್ಮ ಅಜ್ಜಿಯರು. ಯಾವ ಬಾವಿಯ ನೀರಿಗೆ ಬೇಳೆ ಬೇಯುತ್ತದೆ, ಯಾವುದಕ್ಕೆ ಸಾಬೂನು ನೊರೆ ಬರುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ನೀರನ್ನು ಗಡಸಾಗಿಸುವುದು ಕರಗಿದ ಸುಣ್ಣ ಮತ್ತು ಮೆಗ್ನೀಶಿಯಂ. ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದೂ ಅದರಿಂದಲೇ.

ಬೇಳೆಗೆ ಒಗ್ಗದ ಈ ನೀರು ಕೆಲವು ಗಿಡಗಳಿಗೆ ಒಗ್ಗುತ್ತದೆ. ವ್ಯಾಲಿಸ್ನೇರಿಯಾ, ನಮ್ಮ ನಾಡಿನ ಕೆರೆಗಳ ಹೈಡ್ರಿಲ್ಲಾ ಎರಡೂ ನೀರಿನ ಬೈಕಾರ್ಬೊನೇಟಿನಿಂದ ಇಂಗಾಲ ಪಡೆಯಬಲ್ಲವು. 1950ರ ದಶಕದಲ್ಲಿ ಸಿಂಹಳದಿಂದ ಹೈಡ್ರಿಲ್ಲಾವನ್ನು ತೊಟ್ಟಿಯ ಗಿಡವೆಂದು ಅಮೆರಿಕದ ಫ್ಲಾರಿಡಾಕ್ಕೆ ಒಯ್ದರು. ಅಲ್ಲಿ ಕಾಲುವೆಗೆ ಸೇರಿದ್ದೇ ತಡ, ದೋಣಿ ಸಾಗದಷ್ಟು ಹಬ್ಬಿತು. ತೊಟ್ಟಿಯ ಗಿಡವನ್ನು ಕೆರೆಗೆ ಚೆಲ್ಲಬಾರದೆನ್ನುವುದು ಇದಕ್ಕೇ.

ಅಜ್ಜಿಯರ ನಾಲಿಗೆಗೂ ಸಿಗದ್ದು ಒಂದಿದೆ, ಫ್ಲೋರೈಡ್. ನಮ್ಮ ಕಲ್ಲುನೆಲದ ಕೊಳವೆಬಾವಿಗಳಲ್ಲಿ ಬರುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೇಳೆ ಚೆನ್ನಾಗಿ ಬೆಂದರೂ ಅದು ಇರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನೇ ಕುಡಿಯುತ್ತಿದ್ದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಮೂಳೆ ಬಿಗಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಭಾರತದಲ್ಲಿ ಈ ಬೇನೆಯನ್ನು ಮೊದಲು ವಿವರಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಆಗ ನೆಲ್ಲೂರೂ ನಮ್ಮ ಬಳ್ಳಾರಿಯೂ ಒಂದೇ ಮದರಾಸು ಪ್ರಾಂತದಲ್ಲಿದ್ದವು.

ಕೊಳವೆಬಾವಿಯಲ್ಲಿ ನೀರು ಬಿದ್ದ ದಿನ ಗಂಗೆಪೂಜೆಗೆ ಮುಂದಾಗುವವರು ನಾವೇ. ಆರತಿ ತಟ್ಟೆ ಕೆಳಗಿಟ್ಟ ಮೇಲೆ ಒಂದು ಸೀಸೆ ತುಂಬಿ ನೀರಿನ ಪರೀಕ್ಷೆಗೆ ಕಳಿಸುವ ಪಟ್ಟನ್ನೂ ನಾವೇ ಹಿಡಿಯೋಣ.