ಲೆಕ್ಕದ ಮಾಸ್ತರರ ಎಚ್ಚರಿಕೆ

ಧಾರವಾಡದ ಎತ್ತಿನಗುಡ್ಡದ ಕಡೆ ಹೋದ್ರ, ಕೃಷಿ ವಿಶ್ವವಿದ್ಯಾಲಯದ ಹೊಲದಾಗ ಸಣ್ಣ ಸಣ್ಣ ಮಡಿ ಕಾಣಸ್ತಾವ. ಯಾವ ಮಡಿಗೆ ಯಾವ ತಳಿ ಅನ್ನೋದನ್ನ ಇಂಥ ಪ್ರಯೋಗದಾಗ ಕಣ್ಣಂದಾಜಿನಿಂದ ಹಂಚೂದಿಲ್ಲ. ಒಂದು ಕಡೆ ಮಣ್ಣೇ ಚಲೋ ಇದ್ದರೆ, ಬಂದ ಬೆಳೆ ತಳಿಯ ಗುಣವೋ ಮಣ್ಣಿನ ಗುಣವೋ ಗೊತ್ತಾಗೋದು ಹೆಂಗ? ಅದಕ್ಕೇ ಲೆಕ್ಕ ಹಾಕಿ ಹಂಚಬೇಕು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಪ್ರಯೋಗ ವಿನ್ಯಾಸ ಅಂತಾರೆ.

ಇವತ್ತಿನ ಕಥೆ ಈ ವಿದ್ಯೆಯ ಒಬ್ಬ ಮಾಸ್ತರರದು. ಊರು ನಮ್ಮದಲ್ಲ, ಢಾಕಾ. ಹೆಸರು ಕಾಜಿ ಮೊತಾಹರ್ ಹುಸೇನ್. ಹುಟ್ಟಿದ್ದು 1897ರಲ್ಲಿ. ಢಾಕಾ ವಿಶ್ವವಿದ್ಯಾಲಯ ಶುರುವಾದ 1921ರಲ್ಲೇ ಅಲ್ಲಿನ ಭೌತಶಾಸ್ತ್ರ ವಿಭಾಗ ಸೇರಿದರು. ಮುಂದೆ ಕಲ್ಕತ್ತೆಯಲ್ಲಿ ಮಹಾಲನೋಬಿಸ್ ಅವರ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರ ಕಲಿತು, ಢಾಕಾದಲ್ಲಿ ಅದರ ಪಾಠಕ್ಕೆ ಬುನಾದಿ ಹಾಕಿದರು. 1951ರಲ್ಲಿ ಪ್ರಯೋಗ ವಿನ್ಯಾಸದ ಮೇಲೆಯೇ ಪಿಎಚ್‌.ಡಿ. ಪಡೆದರು. ಆ ಪ್ರಬಂಧ ಪರೀಕ್ಷಿಸಿದವರಲ್ಲಿ ಈ ವಿದ್ಯೆಯನ್ನು ಕಟ್ಟಿದ ಆರ್.ಎ. ಫಿಷರ್ ಕೂಡ ಇದ್ದರು.

ಆದ್ರ ಅವರ ಬದುಕು ಬರೀ ಅಂಕಿಗಳದಲ್ಲ. 1926ರಲ್ಲಿ ಅಬುಲ್ ಹುಸೇನ್, ಕಾಜಿ ಅಬ್ದುಲ್ ವದೂದ್ ಮುಂತಾದ ಗೆಳೆಯರ ಜೊತೆ ಮುಸ್ಲಿಂ ಸಾಹಿತ್ಯ ಸಮಾಜ ಕಟ್ಟಿದರು. ನಮ್ಮ ಧಾರವಾಡದಾಗ ಬೇಂದ್ರೆಯವರ ಗೆಳೆಯರ ಗುಂಪು ನಡೀತಿದ್ದ ಕಾಲ ಅದು. ಢಾಕಾದ ಗೆಳೆಯರು ಕೇಳಿದ ಪ್ರಶ್ನೆ ಕಠಿಣವಾದದ್ದು: ನಮ್ಮ ಧರ್ಮದ ತಿರುಳು ಯಾವುದು, ಮೇಲೆ ಕೂತ ರೂಢಿ ಯಾವುದು? ಮಣ್ಣಿನ ಗುಣ, ತಳಿಯ ಗುಣ ಬೇರೆ ಮಾಡಿದಂಗ ನೋಡ್ರಿ. ಅವರ ಪತ್ರಿಕೆ ‘ಶಿಖಾ’ವನ್ನು ಮೊತಾಹರ್ ಹುಸೇನರೂ ಕೆಲವು ಕಾಲ ಸಂಪಾದಿಸಿದರು.

ಇದು ಪುಕ್ಕಟೆ ಆಗಲಿಲ್ಲ. 1929ರಲ್ಲಿ ಒಂದು ಲೇಖನಕ್ಕಾಗಿ ಅಬುಲ್ ಹುಸೇನರು ಊರಿನ ದೊಡ್ಡವರ ಮುಂದೆ ಕ್ಷಮೆ ಬರೆದುಕೊಡಬೇಕಾಯಿತು. ಆದರೂ ಸಮಾಜ 1930ರ ದಶಕದಲ್ಲೂ ನಡೀತು.

ಇನ್ನು 1947. ಪಾಕಿಸ್ತಾನ ಹುಟ್ಟಿ ಬರೀ ಒಂದು ತಿಂಗಳು. ತಮದ್ದುನ್ ಮಜಲಿಸ್ ಅನ್ನೋ ಇಸ್ಲಾಮಿ ಸಾಂಸ್ಕೃತಿಕ ಸಂಘಟನೆ ಸೆಪ್ಟೆಂಬರ್ 15ರಂದು ಒಂದು ಕಿರುಹೊತ್ತಿಗೆ ತಂತು. ಪ್ರಶ್ನೆ ಒಂದೇ: ರಾಷ್ಟ್ರಭಾಷೆ ಬಂಗಾಳಿಯೋ, ಉರ್ದುವೋ? ಅದರಲ್ಲಿ ನಮ್ಮ ಮಾಸ್ತರರೂ ಬರೆದರು. ಉರ್ದು ಹೇರಿದರೆ ಪೂರ್ವ-ಪಶ್ಚಿಮದ ಸಂಬಂಧ ಬಹಳ ದಿನ ಬಾಳಲ್ಲ ಅಂತ ಎಚ್ಚರಿಸಿದರು. ಆ ದೇಶದ ಅರ್ಧಕ್ಕಿಂತ ಹೆಚ್ಚು ಜನರ ಮಾತು ಬಂಗಾಳಿ. ಇಷ್ಟು ಸರಳ ಲೆಕ್ಕ ಆಳುವವರಿಗೆ ಬೇಡವಾಗಿತ್ತು. 1952ರ ಫೆಬ್ರವರಿ 21ರಂದು ಢಾಕಾದ ಬೀದಿಯಲ್ಲಿ ಭಾಷೆಗಾಗಿ ವಿದ್ಯಾರ್ಥಿಗಳು ಗುಂಡಿಗೆ ಬಿದ್ದರು. 1971ರಲ್ಲಿ ದೇಶವೇ ಎರಡಾಯಿತು.

ಅವರು ಜ್ಯೋತಿಷ್ಯ ಹೇಳಿದ್ದಲ್ಲ ರೀ. ಕಣ್ಣ ಮುಂದಿದ್ದದ್ದನ್ನು ಎಣಿಸಿ, ಕಂಡದ್ದನ್ನು ಅಂಜದೆ ಹೇಳಿದರು. ಧರ್ಮ ಒಂದೇ ಇದ್ದರೂ ತಾಯ್ನುಡಿಯ ಜಾಗಕ್ಕೆ ಅದು ಬರೋದಿಲ್ಲ ಅನ್ನೋದು ಅವರಿಗೆ ಮೊದಲೇ ಕಂಡಿತ್ತು. ತಾವು ಮಾತ್ರ ಕೊನೆತನಕ ಬಂಗಾಳಿ ಬಿಡಲಿಲ್ಲ. ಸಂಖ್ಯಾಶಾಸ್ತ್ರದ ಪುಸ್ತಕವನ್ನೂ ಅದರಲ್ಲೇ ಬರೆದರು. 1981ರಲ್ಲಿ ತೀರಿಕೊಂಡರು.

1890ರಲ್ಲಿ ಧಾರವಾಡದಾಗ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದವರ ಮುಂದೆಯೂ ಇದ್ದದ್ದು ತಾಯ್ನುಡಿಯ ಪ್ರಶ್ನೆಯೇ ಅಲ್ಲೇನ್ರಿ? ಅದಕ್ಕೇ ಢಾಕಾದ ಮಾಸ್ತರರು ನಮಗೆ ಪರಕೀಯರು ಅನಸೂದಿಲ್ಲ.