ಬೆಳಕಾಗಿ ಉಳಿದ ಲೆಕ್ಕ: ವಿಕಿರಣ ಮಾಪನ ಮತ್ತು ವೃತ್ತಿ ಜಾನಪದ

ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ವೃತ್ತಿ ಜಾನಪದವೆಂದೊಡನೆ ಕುಂಬಾರಿಕೆ, ಕಮ್ಮಾರಿಕೆಗಳು ನೆನಪಾಗುತ್ತವೆ. ಆಸ್ಪತ್ರೆಗಳ ಎಕ್ಸ್‌ರೇ ಕೋಣೆಯ ದುಡಿಮೆಯನ್ನು ನಮ್ಮ ಕ್ಷೇತ್ರಕಾರ್ಯ ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಆ ದುಡಿಮೆಗಾರರು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜಿನ ಇತಿಹಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದರ ತತ್ತ್ವವನ್ನು ಕುಂಬಾರನ ಆವಿಗೆಯಿಂದಲೇ ತಿಳಿಯಬಹುದು. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ನೈಸರ್ಗಿಕ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಡಕೆ ಬೆಂದಾಗ ಆ ಶಕ್ತಿ ಹೊರಬಿದ್ದು ಲೆಕ್ಕ ಸೊನ್ನೆಯಾಗುತ್ತದೆ; ಅಂದಿನಿಂದ ಮತ್ತೆ ಸಂಚಯ ಆರಂಭವಾಗುತ್ತದೆ. ಬೋಕಿಯನ್ನು ಪ್ರಯೋಗಾಲಯದಲ್ಲಿ ಕಾಯಿಸಿದರೆ ಹೊಮ್ಮುವ ಮಂದ ಬೆಳಕು ಅದರ ವಯಸ್ಸನ್ನು ಸೂಚಿಸುತ್ತದೆ. ಇದೇ ಉಷ್ಣದೀಪ್ತಿ. ವಿಕಿರಣವನ್ನು ಅಳೆಯಲು ಇದನ್ನು ಬಳಸಬಹುದೆಂದು ಅಮೆರಿಕದ ಫ್ಯಾರಿಂಗ್ಟನ್ ಡೇನಿಯಲ್ಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು.

ಭಾರತದಲ್ಲಿ 1970ರ ದಶಕದಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಫಿಲ್ಮ್ ಬ್ಯಾಡ್ಜಿನ ಬದಲಿಗೆ ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟಿನ ಬ್ಯಾಡ್ಜನ್ನು ಬಳಕೆಗೆ ತಂದಿತು. ಇದರಲ್ಲಿ ಮೂರು ಬಿಲ್ಲೆಗಳಿವೆ: ಒಂದರ ಮೇಲೆ ಲೋಹದ ಹೊದಿಕೆ, ಇನ್ನೊಂದರ ಮೇಲೆ ಪ್ಲಾಸ್ಟಿಕ್ಕಿನದು, ಮೂರನೆಯದು ಬರಿದು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಇವನ್ನು ಕಾಯಿಸಿ, ಬೆಳಕನ್ನಳೆದು, ದೇಹಕ್ಕೆ ತಾಗಿದ ಪ್ರಮಾಣವನ್ನು ದಾಖಲಿಸಲಾಗುತ್ತದೆ. ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದೆಂಬುದು ನಿಯಮ.

ಆದರೆ ಈ ಸಾಕ್ಷಿಗೆ ಮಿತಿಗಳಿವೆ. ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಮೂಲಕ ಟ್ರಿಟಿಯಂ 50ಕ್ಕೂ ಹೆಚ್ಚು ಕಾರ್ಮಿಕರ ದೇಹ ಸೇರಿದಾಗ ಅದು ಗೊತ್ತಾದದ್ದು ಮೂತ್ರಪರೀಕ್ಷೆಯಿಂದ. ಒಡಲೊಳಗಿನ ಟ್ರಿಟಿಯಂ ಬ್ಯಾಡ್ಜಿಗೆ ಕಾಣದು. ಇನ್ನೊಂದು ಮಿತಿ ಬಳಕೆಯದು. ಬ್ಯಾಡ್ಜನ್ನು ಮೇಜಿನ ಖಾನೆಯಲ್ಲಿಟ್ಟರೆ ದುಡಿದ ದೇಹದ ಲೆಕ್ಕ ಅಳಿಯುತ್ತದೆ. ಎಕ್ಸ್‌ರೇ ಕೋಣೆಯಲ್ಲೇ ತೂಗುಬಿಟ್ಟರೆ ದುಡಿಯದ ದೇಹಕ್ಕೂ ಲೆಕ್ಕ ಬೀಳುತ್ತದೆ.

ಬ್ಯಾಡ್ಜು ಆದದ್ದನ್ನು ತಡವಾಗಿ ಹೇಳಿದರೆ, ಈಚಿನ ವಿಧಾನವೊಂದು ಅದನ್ನು ಆ ಕ್ಷಣವೇ ಹೇಳುತ್ತದೆ. ದೀಪ್ತಿವಸ್ತುವಿನ ಪುಟ್ಟ ತುಣುಕನ್ನು ದ್ಯುತಿತಂತುವಿನ ತುದಿಗೆ ಜೋಡಿಸಿದರೆ ವಿಕಿರಣ ತಾಗಿದೊಡನೆ ಹುಟ್ಟುವ ಬೆಳಕು ತಂತುವಿನಲ್ಲಿ ಹರಿದು ದೂರದ ಮಾಪಕವನ್ನು ಸೇರುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಮಾಪನದಲ್ಲಿ ಇದು ಉಪಯುಕ್ತ.

ಉಪಕರಣ ಎಷ್ಟೇ ಸೂಕ್ಷ್ಮವಾಗಲಿ, ದುಡಿಯುವವರ ರೂಢಿಯೇ ಅದರ ದಾಖಲೆಯನ್ನು ಸತ್ಯವಾಗಿಸುತ್ತದೆ ಅಥವಾ ಸುಳ್ಳಾಗಿಸುತ್ತದೆ. ಆ ರೂಢಿಗಳನ್ನು, ಅವುಗಳ ಹಿಂದಿನ ನಂಬಿಕೆ ಹಾಗೂ ಭಯಗಳನ್ನು ಸಂಗ್ರಹಿಸುವ ಹೊಣೆ ಜಾನಪದ ಅಧ್ಯಯನದ್ದು. ಕುಂಬಾರನ ಆವಿಗೆಯ ಬಳಿ ಕುಳಿತು ಕೇಳಿದ ನಾವು ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೂ ಕುಳಿತು ಕೇಳಬೇಕಾಗಿದೆ.