ರಂಧ್ರದ ಒಳಹೊರಗು

ಒಂಬತ್ತು ಎಂಬುದನ್ನು ಪದ್ಯದಲ್ಲಿ ಅಡಗಿಸಿ ಹೇಳಬೇಕಾದಾಗ ಹಳೆಯ ಗಣಿತಜ್ಞರೂ ಜ್ಯೋತಿಷಿಗಳೂ ನಿಧಿ, ನಂದ, ಗ್ರಹ ಎಂದಂತೆಯೇ ‘ರಂಧ್ರ’ ಎಂದೂ ಬರೆದರು. ದೇಹಕ್ಕೆ ಬಾಗಿಲು ಒಂಬತ್ತು, ಆದ್ದರಿಂದ ರಂಧ್ರವೆಂದರೆ ಒಂಬತ್ತು. ಹೀಗೆ ಬೆರಳೆಣಿಕೆಯಲ್ಲಿ ಮುಗಿಯುತ್ತಿದ್ದ ಪದ ಈಗ ಭೂವಿಜ್ಞಾನದ ಪುಸ್ತಕದಲ್ಲಿ ಎಣಿಕೆಗೆ ಸಿಗದಷ್ಟು ಸಣ್ಣದಾಗಿ, ‘ಸುಣ್ಣಗಲ್ಲಿನ ಸರಂಧ್ರತೆ ಶೇಕಡಾ ಇಷ್ಟು’ ಎಂಬ ಅಳತೆಯೊಳಗೆ ಕರಗಿಹೋಗಿದೆ. ಪದದ ಬೆನ್ನು ಹತ್ತುವ ನಮ್ಮಂಥವರಿಗೆ ಈ ಶೇಕಡಾವಾರು ಲೆಕ್ಕದಲ್ಲಿ ಏನೋ ಕಳೆದುಹೋದಂತೆ ಅನ್ನಿಸುತ್ತದೆ. ಕಲ್ಲನ್ನು ಬಲ್ಲವರಿಗೂ ಹಾಗೆಯೇ ಅನ್ನಿಸಿದೆ ಎಂಬುದು ಇಲ್ಲಿನ ಸ್ವಾರಸ್ಯ.

ಸಂಸ್ಕೃತದಲ್ಲಿ ರಂಧ್ರ ಬರಿಯ ತೆರಪಲ್ಲ, ಬಲಹೀನವಾದ ಜಾಗವೂ ಹೌದು. ರಾಜನೀತಿಯ ಮಾತಿನಲ್ಲಿ ಶತ್ರುವಿನ ರಂಧ್ರವೆಂದರೆ ಅವನನ್ನು ಹೊಡೆಯಬಹುದಾದ ಕಡೆ. ರಂಧ್ರಾನ್ವೇಷಣೆ ಎಂದರೆ ಪರರ ತಪ್ಪು ಹುಡುಕುವ ಚಟ. ಜಾತಕದಲ್ಲಿ ಎಂಟನೆಯ ಮನೆ, ಮೃತ್ಯುವನ್ನು ನೋಡುವ ಮನೆ, ರಂಧ್ರಸ್ಥಾನ. ಬ್ರಹ್ಮರಂಧ್ರವೊಂದೇ ಈ ಅಪಕೀರ್ತಿಯಿಂದ ಪಾರಾಗಿ ನೆತ್ತಿಯ ಮೇಲೆ ಕೂತಿತು. ಇದರ ಒಡಹುಟ್ಟಿನಂಥ ‘ಛಿದ್ರ’ ಕಡಿಯುವ ಅರ್ಥದ ‘ಛಿದ್’ ಧಾತುವಿನಿಂದ ಹುಟ್ಟಿ, ಅಲ್ಲಿ ತೂತೇ ಆಗಿದ್ದುದು, ಕನ್ನಡಕ್ಕೆ ಬಂದು ಬಳಕೆಯಲ್ಲಿ ಚೂರುಚೂರಾಗಿಹೋಯಿತು. ‘ಸುಷಿರ’ ಮಾತ್ರ ಪುಣ್ಯ ಮಾಡಿತ್ತು. ಕೊಳಲು, ಶಂಖ, ನಾಗಸ್ವರಗಳ ಜೊತೆ ಸೇರಿ ಸಂಗೀತಶಾಸ್ತ್ರದಲ್ಲಿ ನೆಲೆಯಾಯಿತು.

ನಮ್ಮ ಆಡುಗನ್ನಡದ ಕಣಜ ಇದಕ್ಕಿಂತ ನಯವಾದದ್ದು. ತೂತಿಗೆ ಆಚೆಯ ಬದಿಯೊಂದು ಉಂಟು, ಪೊಟರೆಗೆ ಇಲ್ಲ, ಕಿಂಡಿಯಲ್ಲಿ ಇಣುಕಬಹುದು, ಸಂದು ಇರಬೇಕಾದರೆ ಅಕ್ಕಪಕ್ಕ ಎರಡು ವಸ್ತು ಇರಬೇಕು, ಬಿರುಕಿಗೆ ಉದ್ದವಿದೆ, ಅಗಲವಿಲ್ಲ, ಗವಿಗೆ ಮನುಷ್ಯನೇ ನುಗ್ಗುತ್ತಾನೆ, ಪೊಳ್ಳು ಹೊರಗಿನಿಂದ ಕಾಣುವುದೇ ಇಲ್ಲ, ತಟ್ಟಿ ಸದ್ದು ಕೇಳಿ ತಿಳಿಯಬೇಕು. ‘ಸರಂಧ್ರ’ ಎಂಬ ಒಂದೇ ವಿಶೇಷಣ ಇವೆಲ್ಲವನ್ನೂ ನುಂಗಿ ಸುಮ್ಮನಿರುತ್ತದೆ.

ಸುಣ್ಣಗಲ್ಲು ಹಾಗೆ ಸುಮ್ಮನಿರುವುದಿಲ್ಲ. ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.71 ಗ್ರಾಂ, ತೆರಪು ಹೆಚ್ಚಿದಷ್ಟೂ ಕಲ್ಲು ಹಗುರವಾಗುತ್ತದೆ, ಇದು ಶೇಕಡಾ ಲೆಕ್ಕಕ್ಕೆ ನಿಲ್ಲುವ ಮಾತು. ಶಬ್ದದ ವೇಗ, ಬಿರುಸು, ನೀರು ಹರಿಸುವ ಗುಣ ಇವು ಆ ಲೆಕ್ಕಕ್ಕೆ ಜಗ್ಗುವುದಿಲ್ಲ. ಕರಗಿಹೋದ ಚಿಪ್ಪುಗಳು ಬಿಟ್ಟ ದುಂಡನೆಯ, ಒಂದಕ್ಕೊಂದು ಸೇರದ ಪೊಟರೆಗಳಿರುವ ಕಲ್ಲಿನಲ್ಲಿ ಶಬ್ದ, ಅಷ್ಟೇ ತೆರಪನ್ನು ಕಣಗಳ ಸಂದಿನಲ್ಲಿ ಹಂಚಿಕೊಂಡ ಕಲ್ಲಿಗಿಂತ ಬೇಗ ಓಡುತ್ತದೆ, ಏಕೆಂದರೆ ಪೊಟರೆಯ ಸುತ್ತ ಕಲ್ಲಿನ ಚೌಕಟ್ಟು ಮುರಿಯದೆ ನಿಂತಿರುತ್ತದೆ. ಬಿರುಕು ಶೇಕಡಾ ಒಂದರಷ್ಟಿದ್ದರೂ ಸಾಕು, ಚೌಕಟ್ಟು ಸಡಿಲವಾಗಿ ವೇಗ ಕುಸಿಯುತ್ತದೆ.

ಚಾಕ್ ಎಂಬ ಮೆದು ಸುಣ್ಣಗಲ್ಲನ್ನು ನೋಡಿ. ಕಣ್ಣಿಗೆ ಕಾಣದ ಕಡಲಪಾಚಿಗಳ ಫಲಕಗಳು ಒಟ್ಟಿ ಆದದ್ದು. ಅದರಲ್ಲಿ ನೂರಕ್ಕೆ ನಲವತ್ತು ಪಾಲು ತೆರಪಿರಬಹುದು, ಆದರೆ ಒಂದೊಂದು ತೆರಪಿನ ಅಗಲ ಮಿಲಿಮೀಟರಿನ ಸಾವಿರದಲ್ಲೊಂದರ ಆಸುಪಾಸು, ಹಾಗಾಗಿ ದ್ರವ ಹರಿಯಲು ಒದ್ದಾಡುತ್ತದೆ. ನಾರ್ವೆಯ ಪಾಲಿನ ಉತ್ತರ ಸಮುದ್ರದಲ್ಲಿ 1969ರಲ್ಲಿ ಸಿಕ್ಕ ಎಕೋಫಿಸ್ಕ್ ತೈಲಕ್ಷೇತ್ರ ಇಂಥ ಚಾಕಿನದು. ಎಣ್ಣೆ ಮೇಲೆ ಬಂದಂತೆ ಒಳಗಿನ ಒತ್ತಡ ಇಳಿದು, ತೆರಪುಗಳು ಅಪ್ಪಚ್ಚಿಯಾಗಿ, ಸುಮಾರು ಮೂರು ಕಿಲೋಮೀಟರು ಮೇಲಿನ ಕಡಲತಳವೇ ತಗ್ಗಿತು. 1987ರಲ್ಲಿ ಉಕ್ಕಿನ ವೇದಿಕೆಗಳನ್ನು ಆರು ಮೀಟರು ಮೇಲೆತ್ತಬೇಕಾಯಿತು. ಶತ್ರುವಿನ ರಂಧ್ರ ಹುಡುಕುತ್ತಿದ್ದ ಮಂತ್ರಿಗಳಿಗೆ ಇದು ಅರ್ಥವಾಗುತ್ತಿತ್ತು.

1970ರಲ್ಲಿ ಚೊಕೆಟ್ ಮತ್ತು ಪ್ರೇ ಎಂಬ ಇಬ್ಬರು ಅಮೆರಿಕನ್ ಭೂವಿಜ್ಞಾನಿಗಳು ಸುಣ್ಣಗಲ್ಲಿನ ತೆರಪುಗಳಿಗೆ ಒಂದೊಂದಾಗಿ ಹೆಸರು ಹಂಚಿದರು: ಕಣಗಳ ನಡುವಿನದು, ಕಣದೊಳಗಿನದು, ಅಚ್ಚು, ಬಿರುಕು, ಪ್ರಾಣಿ ಕೊರೆದದ್ದು. ಲ್ಯಾಟಿನ್ನಿನ ಕಿಟಕಿಯಿಂದ ಬಂದ ‘ಫೆನೆಸ್ಟ್ರಲ್’ ಆ ಪಟ್ಟಿಯಲ್ಲಿದೆ, ಅದು ನಮ್ಮ ಕಿಂಡಿಯೇ. ‘ವಗ್’ ಎಂಬುದೂ ಇದೆ. ಕಾರ್ನ್‌ವಾಲಿನ ಗಣಿಗಾರರ ನುಡಿಯಲ್ಲಿ ಗುಹೆಗಿದ್ದ ಮಾತು. ಅದನ್ನು ಹಿಂದುಮುಂದಾಗಿಸಿ ‘ಗವಿ’ ಕಾಣುವ ಚಪಲ ನಮಗೆ ಬೇಡ, ನಂಟು ಇಲ್ಲ. ಕೇಳಲು ಮಾತ್ರ ಹಿತ.

ಇನ್ನು ‘ಸುಣ್ಣ’. ಚೂರ್ಣ ಪ್ರಾಕೃತದಲ್ಲಿ ಚುಣ್ಣವಾಗಿ ನಮ್ಮಲ್ಲಿ ಸುಣ್ಣವಾಯಿತು. ಹಿಂದಿಯ ಚೂನಾ, ತೆಲುಗಿನ ಸುನ್ನಮು ಅದೇ ಬಳಗ. ಸುಣ್ಣಗಲ್ಲೆಂದರೆ ಹುಡಿಯ ಕಲ್ಲು, ಮುಂದೆ ಆಗಲಿರುವುದರ ಹೆಸರನ್ನು ಮೊದಲೇ ಹೊತ್ತದ್ದು. ಗೂಡಿನಲ್ಲಿ ಸುಟ್ಟಾಗ ಅಪ್ಪಟ ಕಲ್ಲು ತನ್ನ ತೂಕದಲ್ಲಿ ನೂರಕ್ಕೆ 44 ಪಾಲನ್ನು ಅನಿಲವಾಗಿ ಕಳೆದುಕೊಳ್ಳುತ್ತದೆ, ಗಾತ್ರ ಮಾತ್ರ ಅಷ್ಟು ಕುಗ್ಗುವುದಿಲ್ಲ. ಅನಿಲ ಬಿಟ್ಟುಹೋದ ಜಾಗವೆಲ್ಲ ಹೊಸ ರಂಧ್ರ. ಹದವಾಗಿ ಬೆಂದ ಸುಣ್ಣಕ್ಕೆ ನೀರು ತಾಕಿದೊಡನೆ ಅದು ಬುಸುಗುಟ್ಟಿ ಅರಳುವುದು ಇದರಿಂದಲೇ, ಅತಿಯಾಗಿ ಬೆಂದದ್ದರ ರಂಧ್ರ ಮುಚ್ಚಿಹೋಗಿ ಅರಳಲು ಮುಷ್ಕರ ಹೂಡುತ್ತದೆ. ಸುಣ್ಣ ‘ಅರಳುತ್ತದೆ’ ಎಂದ ಕನ್ನಡಿಗ ಯಾರೋ, ಅವನಿಗೆ ಶರಣು.

ಕಲಬುರಗಿ ಸೀಮೆಯ ಶಹಾಬಾದ್ ಕಲ್ಲೂ ಸುಣ್ಣಗಲ್ಲೇ. ಅದರ ಕಣಗಳು ಒತ್ತೊತ್ತಾಗಿ ಹೆಣೆದುಕೊಂಡು ತೆರಪು ತೀರ ಕಡಿಮೆ; ಚಪ್ಪಡಿಯಾಗಿ ಎಷ್ಟೋ ಮನೆಗಳ ನೆಲವಾಗಿರುವುದು ಅದೇ ಬಿಗುವಿನಿಂದ.

ಇಂಗ್ಲಿಷಿನ ‘ಪೋರ್’ ಗ್ರೀಕಿನದು. ಅಲ್ಲಿ ಹ್ರಸ್ವದ ‘ಪೊರೊಸ್’ ಎಂದರೆ ಹಾಯ್ಗಡ, ದಾಟುವ ದಾರಿ. ನಮ್ಮ ‘ಪಾರ’ದ ದೂರದ ನೆಂಟ. ದೀರ್ಘದ ‘ಪೋರೊಸ್’ ಬೇರೆಯೇ ಪದ, ಒಂದು ಬಗೆಯ ಮೆದು ಕಲ್ಲಿಗೆ ಹೆಸರು. ಇಂದಿಗೂ ಪುರಾತತ್ತ್ವಜ್ಞರು ಗ್ರೀಸಿನ ಮೃದು ಸುಣ್ಣಗಲ್ಲನ್ನು ಹಾಗೆಯೇ ಕರೆಯುತ್ತಾರೆ. ರೋಮನ್ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಲಸಿಹೋಗುತ್ತವೆ. ಒಕಾರ ಓಕಾರಗಳನ್ನು ಬಿಡಿಸಿ ಬರೆಯುವ ನಾವು ಗ್ರೀಕರಷ್ಟೇ ಸಲೀಸಾಗಿ ಬೇರ್ಪಡಿಸಬಲ್ಲೆವು. ಕ್ರಿಸ್ತಪೂರ್ವ ಐದನೆಯ ಶತಮಾನದ ಒಲಿಂಪಿಯಾದ ಸ್ಯೂಸ್ ದೇವಾಲಯ ಈ ದೀರ್ಘದ ಪೋರೊಸಿನಿಂದ, ಚಿಪ್ಪುಗಳು ಎದ್ದು ಕಾಣುವ ಒರಟು ಕಲ್ಲಿನಿಂದ ಕಟ್ಟಿದ್ದು. ಅದು ಅಮೃತಶಿಲೆಯಂತೆ ತೋರಲೆಂದು ಅದರ ಹ್ರಸ್ವದ ಪೊರೊಸುಗಳನ್ನೆಲ್ಲ ಬಿಳಿಯ ಗಾರೆ ಮೆತ್ತಿ ಮುಚ್ಚಿದ್ದರು.